ವಳ್ಳಿ ಕೇಳಿದ ನೆರಳು

ವಳ್ಳಿ ಬಿದ್ದ ಜಾಗದಲ್ಲೇ ತಂಗವೇಲ್ ಗೌಂಡರು ನೆರಳು ಕಟ್ಟಿಸುತ್ತಿದ್ದರು. ನಾಲ್ಕು ಕಲ್ಲುಕಂಬ, ಮೇಲೆ ಹೆಂಚು, ಕೆಳಗೆ ನುಣುಪು ಕಲ್ಲಿನ ಕಟ್ಟೆ. ಅದಕ್ಕೆ ಇಟ್ಟಿಗೆ ಹೊರುವವರಲ್ಲಿ ವಳ್ಳಿಯ ಅತ್ತೆ ಮುನಿಯಮ್ಮಾಳೂ ಇದ್ದಳು.

ತಲೆಯ ಮೇಲೆ ಸಿಂಬಿ. ಸಿಂಬಿಯ ಮೇಲೆ ಹಲಗೆ. ಹಲಗೆಯ ಮೇಲೆ ಇಟ್ಟಿಗೆ. ರಸ್ತೆಯ ಬದಿಯಿಂದ ದ್ರಾಕ್ಷಿತೋಟದ ನಡುವಿನವರೆಗೆ ಬರಿಗಾಲಲ್ಲಿ ನಡೆಯಬೇಕು. ಮಣ್ಣು ಕಾದಿತ್ತು. ಅಂಗಾಲು ಸುಡುವುದು ಮೊದಮೊದಲು ಗೊತ್ತಾಗುತ್ತದೆ. ಆಮೇಲೆ ಗೊತ್ತಾಗುವುದಿಲ್ಲ. ಮುನಿಯಮ್ಮಾಳಿಗೆ ಈಗ ಯಾವುದೂ ಗೊತ್ತಾಗುತ್ತಿರಲಿಲ್ಲ. ಸೊಸೆ ಸತ್ತ ಮೇಲೆ ಅವಳು ಅತ್ತಿರಲಿಲ್ಲ. ಅಳು ಎಲ್ಲೋ ದಾರಿಯಲ್ಲಿ ಕೂತುಬಿಟ್ಟಿತ್ತು.

“ಪುಣ್ಯ ಮಾಡಿದ್ದೆ ಬಿಡಮ್ಮಾ,” ಎಂದ ಗಾರೆಯವನು ಮೇಲಿನಿಂದ. “ನಿನ್ ಸೊಸೆ ಸಾಮಿ ಆಗ್ಬುಟ್ಳು. ಯಾರ್ಗುಂಟು ಈ ಭಾಗ್ಯ?”

ಮುನಿಯಮ್ಮಾಳ್ ಹಲಗೆ ಇಳಿಸಿದಳು.

“ಇಟ್ಗೆ ಇಲ್ಲಿ ಇಕ್ಲಾ, ಆ ಕಡೆ ಇಕ್ಲಾ?” ಎಂದಳು.

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯುವುದು ಪಂದಲಿನ ಮೇಲೆ. ಕಲ್ಲುಕಂಬ ನೆಟ್ಟು, ಆಳೆತ್ತರಕ್ಕೆ ತಂತಿ ಎಳೆದು, ಬಳ್ಳಿ ಹಬ್ಬಿಸಿದ ಚಪ್ಪರವೇ ಪಂದಲು. ಎಲೆ ತುಂಬಿದಾಗ ಅದರಡಿ ನಡು ಮಧ್ಯಾಹ್ನವೂ ತಂಪು. ಆದರೆ ಫಸಲು ಮುಗಿದ ಮೇಲೆ ಬಳ್ಳಿಯನ್ನು ಕತ್ತರಿಸಿ ಬೋಳು ಮಾಡುತ್ತಾರೆ. ಅದಕ್ಕೆ ಕವಾತ್ತು ಎಂದು ಹೆಸರು. ಆಗ ಪಂದಲಿನಲ್ಲಿ ಒಂದು ಎಲೆಯೂ ಇರುವುದಿಲ್ಲ. ಹೆಂಗಸರು ಕತ್ತೆತ್ತಿ, ಎರಡೂ ಕೈ ಮೇಲೆತ್ತಿ, ಉಳಿದ ಕಡ್ಡಿಗಳನ್ನು ತಂತಿಗೆ ಕಟ್ಟುತ್ತಾ ಸಾಲು ಹಿಡಿದು ನಡೆಯಬೇಕು. ಬಿಸಿಲು ನೇರ ಮುಖಕ್ಕೆ ಬೀಳುತ್ತದೆ. ಕಡಿದ ತುದಿಯಿಂದ ನೀರು ತೊಟ್ಟಿಕ್ಕಿ ಕಣ್ಣಿಗೆ ಬೀಳುತ್ತದೆ. ಒರೆಸಿಕೊಳ್ಳಲು ಕೈಗೆ ಬಿಡುವಿರುವುದಿಲ್ಲ.

ಮೊದಲು ಕವಾತ್ತು ತಂಪಿನ ತಿಂಗಳಲ್ಲಿ ನಡೆಯುತ್ತಿತ್ತು. ಈಗ ಮಳೆಗೆ ಹೊತ್ತುಗೊತ್ತು ಇಲ್ಲ. ಮೇಲಿಂದ ಮೇಲೆ ಎರಡು ಸಲ ಮಾಗಿದ ಗೊನೆ ಮಳೆಗೆ ಸಿಕ್ಕಿ, ಒಡೆದು, ಕೊಳೆತುಹೋಯಿತು. ಗೌಂಡರು ಯೋಚಿಸಿ ಕವಾತ್ತನ್ನು ಚಿತ್ತಿರೈಗೆ, ನಡು ಬೇಸಿಗೆಗೆ ತಂದರು. ಹಣ್ಣು ಉಳಿಯಿತು. ಬಿಸಿಲು ಹೆಂಗಸರ ಪಾಲಿಗೆ ಬಂತು.

ತೋಟಕ್ಕೆ ಎರಡು ಕಟ್ಟಳೆ. ಒಂದು, ಕೂಲಿಯವರು ಬೇಲಿಯ ಹೊರಗೆ ಚಪ್ಪಲಿ ಬಿಡಬೇಕು. ಬಳ್ಳಿ ಲಕ್ಷ್ಮಿ, ಚಪ್ಪಲಿ ಕಾಲಲ್ಲಿ ಹತ್ತಿರ ಹೋಗಬಾರದು ಎಂದು ಗೌಂಡರ ಅಪ್ಪ ಮಾಡಿಟ್ಟದ್ದು. ಗೌಂಡರು ಮಾತ್ರ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದರು. ಅವರು ಲಕ್ಷ್ಮಿಯ ಮನೆಯವರು.

ಎರಡನೆಯದು, ಬೆಳಗ್ಗೆ ದೇವರ ಹಸು ತೋಟದಲ್ಲಿ ಕಾಲಿಟ್ಟ ಮೇಲೆಯೇ ಬೇರೆಯವರ ಕಾಲು. ಗೌಂಡರ ಮನೆಯವರು ದೇವರ ಹೆಸರಿಗೆ ಬಿಟ್ಟ ಹಸು ಅದು. ಹಾಲು ಕರೆಯುವುದಿಲ್ಲ. ಅದರ ಮೈ ತೊಳೆದು, ಅರಿಸಿನ ಕುಂಕುಮ ಇಟ್ಟು, ತೋಟಕ್ಕೆ ಹೊಡೆದುಕೊಂಡು ಬರುವ ಹೊತ್ತಿಗೆ ಬಿಸಿಲೇರಿರುತ್ತಿತ್ತು. ಅದರ ಕೊಟ್ಟಿಗೆಯಲ್ಲಿ ಫ್ಯಾನಿತ್ತು.

ಗೌಂಡರ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಈ ಕಣಿವೆಗೆ ಬಂದವರು. ಆ ದನದ ಹಿಂದೆ, ಚಪ್ಪಲಿಯನ್ನೂ ನೀರೆತ್ತುವ ತೊಗಲಿನ ಚೀಲವನ್ನೂ ಹೊಲಿಯಲು ಮುನಿಯಮ್ಮಾಳ ಹಿರಿಯರು ಬಂದರು. ಇವತ್ತಿಗೂ ಎರಡು ಮನೆಯೊಳಗೂ ಅದೇ ಕನ್ನಡ. ಭಾಷೆ ಒಂದೇ. ಬಾವಿ ಬೇರೆ. ಮುನಿಯಮ್ಮಾಳ ತಾತ ಹೊಲಿದ ಚಪ್ಪಲಿ ಮೆಟ್ಟಿ ಗೌಂಡರ ತಾತ ಈ ಹೊಲ ಸುತ್ತಿದ್ದರು.

ವಳ್ಳಿ ಬಾಯಿ ಇದ್ದ ಹುಡುಗಿ. ಹತ್ತನೆಯ ತರಗತಿಯವರೆಗೆ ಓದಿದ್ದಳು. ಒಂದು ದಿನ ಬುತ್ತಿ ಬಿಚ್ಚಿದಾಗ ಅವಳ ಫೋನಿಗೆ ಸರ್ಕಾರದ ಎಚ್ಚರಿಕೆ ಬಂತು. ಗಟ್ಟಿಯಾಗಿ ಓದಿದಳು. ಬಿಸಿಲು ಹೆಚ್ಚಿದೆ, ಹನ್ನೆರಡರಿಂದ ಮೂರು ಗಂಟೆಯವರೆಗೆ ಯಾರೂ ಮನೆಯಿಂದ ಹೊರಗೆ ಬರಬೇಡಿ.

“ಯಾರ್ಗೆ ಡಿ ಏಳ್ತಾವ್ರೆ?” ಎಂದಳು ಓಚ್ಚಮ್ಮಾಳ್. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯವಳು, ಹಲ್ಲಿಲ್ಲದವಳು. “ಒಳಗೆ ಇದ್ದೋರ್ಗೆ ಒರಗೆ ಬರ್ಬ್ಯಾಡ ಅನ್ಬೌದು. ನಾವ್ ಒಳಗಿದ್ದದ್ದು ಯಾವಾಗ?”

ಹೆಂಗಸರು ನಕ್ಕರು. ವಳ್ಳಿ ನಗಲಿಲ್ಲ. ಗೌಂಡರು ಬಂದಾಗ ಎದ್ದು ನಿಂತು ಕೇಳಿದಳು.

“ಗೌಂಡ್ರೆ, ಬೆಳಕರಿಯೋ ಮುಂಚೇನೆ ಬತ್ತೀವಿ. ಮಧ್ಯಾನಕ್ಕೆ ಬಿಟ್ಬುಡಿ. ಕೆಲ್ಸ ಅಷ್ಟೇ ಆಗ್ತದೆ.”

“ಅಸು ಬರೋ ಮುಂಚೆ ನೀವ್ ಬತ್ತೀರಾ?”

“ಅಂಗಾದ್ರೆ ಒಂದ್ ನೆಳ್ಳು ಕಟ್ಸಿ. ನಾಕ್ ಕಂಬ, ಮೇಲೆ ತೆಂಗಿನ್ ಗರಿ. ಒಂದ್ ಗಳಿಗೆ ಕೂತು ನೀರ್ ಕುಡೀತೀವಿ.”

“ನೆಳ್ಳು ಕಟ್ಟಿದ್ರೆ ಕೂತೇ ಇರ್ತೀರಿ. ಬಳ್ಳಿ ಕಟ್ಟೋರ್ ಯಾರು, ನಮ್ಮಪ್ಪನಾ?”

ಗೌಂಡರು ನಕ್ಕರು. ಕೆಟ್ಟ ನಗೆಯಲ್ಲ. ಅವರನ್ನು ಕೆಟ್ಟವರು ಎನ್ನುವವರು ಯಾರೂ ಇರಲಿಲ್ಲ. ದೀಪಾವಳಿಗೆ ಸೀರೆ ಕೊಡುತ್ತಿದ್ದರು. ಅವರ ತಾಯಿ ಕಾಮಾಕ್ಷಿಯಮ್ಮಾಳ್ ಬೇಸಿಗೆಯಲ್ಲಿ ಮಜ್ಜಿಗೆ ಕಳಿಸುತ್ತಿದ್ದರು. ಉಪ್ಪು, ಕರಿಬೇವು, ಚೂರು ಶುಂಠಿ ಹಾಕಿದ ಒಳ್ಳೆಯ ಮಜ್ಜಿಗೆ. ಎಷ್ಟೋ ಸಲ ತಾವೇ ತಂದು ಹೊಯ್ಯುತ್ತಿದ್ದರು. ಮೇಲಿನಿಂದ, ಬೊಗಸೆಗೆ. ಹನಿ ಹೊರಗೆ ಚೆಲ್ಲದ ಹಾಗೆ, ಕೈ ತಾಗದ ಹಾಗೆ.

ಆ ಮಜ್ಜಿಗೆಯನ್ನೂ ಹೆಂಗಸರು ಗುಟುಕಷ್ಟೇ ಕುಡಿಯುತ್ತಿದ್ದರು. ಎಲೆಯಿಲ್ಲದ ತೋಟದಲ್ಲಿ ಮರೆಯಿಲ್ಲ. ಮರೆಯಿಲ್ಲದ ಕಡೆ ಹೆಂಗಸರು ನೀರು ಕುಡಿಯುವುದಿಲ್ಲ.

ವಳ್ಳಿ ಸತ್ತ ದಿನ ಗಾಳಿ ನಿಂತಿತ್ತು. ಬುತ್ತಿ ಉಂಡಾದ ಮೇಲೆ ಮತ್ತೆ ಸಾಲು ಹಿಡಿದಿದ್ದರು. ವಳ್ಳಿ ಕೈ ಇಳಿಸಿದಳು.

“ಅತ್ತೆ, ತಲೆ ಸುತ್ತಾ ಅದೆ.”

“ಈ ಸಾಲ್ ಮುಗ್ಸಿ ಕೂತ್ಕೋ ತಾಯಿ.”

ಹಾಗೆ ಹೇಳುವುದು ರೂಢಿ. ಎಲ್ಲರಿಗೂ ಎಲ್ಲರೂ ಹಾಗೇ ಹೇಳುತ್ತಿದ್ದರು. ವಳ್ಳಿ ಮತ್ತೆ ಕೈ ಎತ್ತಿದಳು. ಸ್ವಲ್ಪ ಹೊತ್ತಿಗೆ ಸಾಲು ಬಿಟ್ಟು ನಡೆದಳು. ಯಾರ ಜೊತೆಗೋ ಮಾತಾಡುತ್ತಿದ್ದಳು. ಎಂದೋ ಸತ್ತ ತನ್ನ ತಾಯಿಯನ್ನು ಕರೆಯುತ್ತಿದ್ದಳು. ತುರುಬು ಬಿಚ್ಚಿ ಎಳೆದುಕೊಂಡಳು. ಕಣ್ಣು ಕೆಂಪಾಗಿತ್ತು. ಮೈ ಒಣಗಿತ್ತು, ಒಂದು ಹನಿ ಬೆವರಿಲ್ಲ. ನಿಂತಲ್ಲೇ ತೂಗಾಡತೊಡಗಿದಳು.

“ಅಮ್ಮ ಬಂದವ್ಳೆ!” ಎಂದು ಓಚ್ಚಮ್ಮಾಳ್ ಕೂಗಿದಳು.

ಚಿತ್ತಿರೈ ಮಾರಿಯಮ್ಮನ ತಿಂಗಳು. ಕೈಗೆ ಕಾಪಿನ ದಾರ ಕಟ್ಟಿಕೊಂಡವರು, ಹರಕೆ ಹೊತ್ತವರು ಮನೆಮನೆಯಲ್ಲೂ ಇದ್ದರು. ಅಮ್ಮ ಮೈಮೇಲೆ ಬಂದಾಗ ಹೀಗೇ ಆಗುತ್ತದೆ. ಕೂದಲು ಬಿಚ್ಚುತ್ತಾರೆ, ತೂಗುತ್ತಾರೆ, ಸುಡುತ್ತದೆ ಎಂದು ಕೂಗುತ್ತಾರೆ. ಅಮ್ಮ ಇರುವ ಮೈಯನ್ನು ಯಾರೂ ಮುಟ್ಟಬಾರದು, ತಡೆಯಬಾರದು. ಹೆಂಗಸರು ದಾರದ ಉಂಡೆ ಬಿಟ್ಟು ಕೈ ಮುಗಿದರು. ಮುನಿಯಮ್ಮಾಳೂ ಕೈ ಮುಗಿದಳು.

ಯಾರೋ ಓಡಿಹೋಗಿ ಹೇಳಿದರು. ಕಾಮಾಕ್ಷಿಯಮ್ಮಾಳ್ ವಯಸ್ಸನ್ನು ಮರೆತು ಬಂದರು. ಕೈಯಲ್ಲಿ ಹಿತ್ತಾಳೆ ಕೊಡ, ಅರಿಸಿನ ನೀರು, ಬೇವಿನ ಸೊಪ್ಪು. ಸೊಪ್ಪನ್ನು ನೀರಿಗೆ ಅದ್ದಿ ವಳ್ಳಿಯ ಮೇಲೆ ಚಿಮುಕಿಸಿದರು.

“ತಾಯೀ, ಏನ್ ಬೇಕು ಕೇಳು. ಏನ್ ಕುಂದು ಬಂತು ನಮ್ಮಿಂದ?”

“ನೆಳ್ಳು,” ಎಂದಳು ವಳ್ಳಿ. ನಾಲಗೆ ತೊದಲುತ್ತಿತ್ತು. “ನೆಳ್ಳು ಕೊಡಿ. ಬೇಯ್ತಾ ಇವ್ನಿ.”

“ಕೊಡ್ತೀವಿ ತಾಯೀ. ಇಲ್ಲೇ ಕಟ್ಸಿಕೊಡ್ತೀವಿ.” ಕಾಮಾಕ್ಷಿಯಮ್ಮಾಳ ಕಣ್ಣಲ್ಲಿ ನೀರು. ಹಿಂದೆಯೇ ಬಂದ ತಂಗವೇಲ್ ಗೌಂಡರು ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಸುತ್ತಿ, ವಳ್ಳಿಯ ಮುಂದೆ ಉದ್ದಕ್ಕೆ ಬಿದ್ದರು.

ವಳ್ಳಿಯೂ ಬಿದ್ದಳು.

ಅಮ್ಮ ಮಲೆ ಏರಿದಳು ಎಂದುಕೊಂಡರು. ಮೈಮೇಲೆ ಬಂದವಳು ಬಿಟ್ಟುಹೋದಾಗ ಹಾಗೆನ್ನುವುದು. ಇನ್ನು ವಳ್ಳಿ ತಾನಾಗಿ ಏಳುತ್ತಾಳೆ ಎಂದು ಸುತ್ತ ನಿಂತು ಕಾದರು. ಮುನಿಯಮ್ಮಾಳ ಕಣ್ಣು ಕೊಡದ ಮೇಲಿತ್ತು. ಚಿಮುಕಿಸಿದ್ದು ಕೆಲವೇ ಹನಿ. ಕೊಡ ತುಂಬಿಯೇ ಇತ್ತು.

ರಸ್ತೆಯಲ್ಲಿ ಶೇರ್ ಆಟೋ ನಿಲ್ಲಿಸಿ ನೋಡಲು ಬಂದ ದುರೈ ಮೊದಲು ಅವಳನ್ನು ಮುಟ್ಟಿದವನು. “ಅಯ್ಯೋ, ಕೊಳ್ಳಿ ಅಂಗೆ ಸುಡ್ತಾವ್ಳೆ!” ಎಂದು ಎತ್ತಿಕೊಂಡು ಓಡಿದ. ಆಟೋದಲ್ಲಿದ್ದವರನ್ನು ಇಳಿಸಿದ. ಆರೋಗ್ಯ ಕೇಂದ್ರ ತಲುಪುವ ಮುಂಚೆ ವಳ್ಳಿಯ ಉಸಿರು ನಿಂತಿತ್ತು.

ನರ್ಸ್ ಇಂದ್ರಾಣಿ ವಳ್ಳಿಯ ಕಂಕುಳಲ್ಲಿ ಕೈಯಿಟ್ಟು ನೋಡಿದಳು. ತಮಿಳಿನವಳು. ತಮಿಳಿನಲ್ಲೇ ಹೇಳಿದಳು: “ಇದು ಬಿಸಿಲಿನ ಹೊಡೆತ ಅಮ್ಮಾ. ಆಗಲೇ ನೆರಳಿಗೆ ಎಳೆದು, ಮೈತುಂಬ ನೀರು ಹೊಯ್ದಿದ್ದರೆ...”

ಮುನಿಯಮ್ಮಾಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ವಳ್ಳಿಯ ಬಿಚ್ಚಿದ ಕೂದಲನ್ನು ಕೂಡಿಸಿ, ಗಂಟು ಹಾಕಿ, ಸೆರಗು ಸರಿಮಾಡಿ ಕೊಟ್ಟಳು. ದುರೈ ಮನೆಯವರೆಗೆ ಬಂದ. ಬಾಡಿಗೆಯ ಮಾತೆತ್ತಲಿಲ್ಲ.

ಸಂಜೆ ತಂಗವೇಲ್ ಗೌಂಡರು ಮುನಿಯಮ್ಮಾಳ ಜನರ ಕಾಲನಿಗೆ ಬಂದರು. ಅದುವರೆಗೆ ಎಂದೂ ಬಂದವರಲ್ಲ. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದು ಸೆರಗಿನಲ್ಲಿ ಒರೆಸಿ ಇಟ್ಟರು. ಗೌಂಡರು ಕೂರಲಿಲ್ಲ. ಬೇವಿನ ಮರದ ಕೆಳಗೆ ನಿಂತೇ ಮಾತಾಡಿದರು.

“ಅಮ್ಮ ಬಂದ್ ನಿಂತ ಮೈ ಅದು. ಆಸ್ಪತ್ರೇಲಿ ಕತ್ರಿ ಆಕ್ಸೋದು ಬ್ಯಾಡ. ಅಮ್ಮ ನೆಳ್ಳು ಕೇಳವ್ಳೆ. ನಾನ್ ಗುಡಿ ಕಟ್ಸಿಕೊಡ್ತೀನಿ. ವಳ್ಳಿಯಮ್ಮನ ಗುಡಿ. ನಮ್ ಮನೇವ್ರೆಲ್ಲಾ ಬಂದು ಬೀಳ್ತಾರೆ. ಮೊದಲ್ ದೀಪ ನಿಮ್ ಕೈಯಿಂದ್ಲೇ ಹಚ್ಬೇಕು.”

ವಳ್ಳಿಯ ಗಂಡ ಮುತ್ತುಕುಮಾರ್ ಒಡ್ಡನ್‌ಛತ್ರಂ ಮಾರ್ಕೆಟ್ಟಿನಲ್ಲಿ ತರಕಾರಿ ಮೂಟೆ ಹೊರುವವನು. ಸುದ್ದಿ ಕೇಳಿ ಸಿಕ್ಕಿದ ಲಾರಿ ಹತ್ತಿ ಬಂದಿದ್ದ. ಅವನ ಕತ್ತಿನ ಮೇಲೆ ಮೂಟೆ ಹೊತ್ತ ಜಡ್ಡು ಕಟ್ಟಿತ್ತು. ಹೆಂಡತಿಯ ಕಾಲ ಹತ್ತಿರ ಕೂತು ಅತ್ತ. ಗೌಂಡರು ಹೋದ ಮೇಲೆ ತಾಯಿಯ ಹತ್ತಿರ ಬಂದ.

“ಅವ್ವಾ, ಗೌಂಡ್ರು ನಮ್ ವಳ್ಳಿ ಮುಂದೆ ನೆಲಕ್ಕೆ ಬಿದ್ರಂತೆ. ನಿಜವಾ?”

“ಬಿದ್ರು.”

“ಅವ್ರ ತಾಯೀನೂ ಕೈ ಮುಗಿದ್ರಾ?”

“ಮುಗಿದ್ರು.”

ಅವನು ಮುಖ ಒರೆಸಿಕೊಂಡ. ಬೆನ್ನು ಸ್ವಲ್ಪ ನೆಟ್ಟಗಾಯಿತು. ಮುನಿಯಮ್ಮಾಳ್ ಅದನ್ನು ನೋಡಿದಳು. ಅವನಿಗೆ ಅಷ್ಟಾದರೂ ಸಿಗಲಿ ಎಂದು ಸುಮ್ಮನಾದಳು. ವಳ್ಳಿಯನ್ನು ಹೂಳಿದರು. ಹೂವನ್ನು ಗೌಂಡರ ಮನೆಯಿಂದ ಕಳಿಸಿದ್ದರು.

ಮುನಿಯಮ್ಮಾಳ್ ಕೆಲಸಕ್ಕೆ ಹೋದಳು. ಬಳ್ಳಿ ಕಟ್ಟಿದಳು. ಗುಡಿಯ ಕೆಲಸಕ್ಕೆ ಕರೆದಾಗ ಇಟ್ಟಿಗೆ ಹೊತ್ತಳು, ಮರಳು ಹೊತ್ತಳು, ಕಟ್ಟೆಗೆ ನೀರು ಹೊಯ್ದಳು. ಹೊಸ ಗಾರೆಗೆ ಬಿಸಿಲು ತಾಗಿದರೆ ಬಿರಿಯುತ್ತದೆ, ದಿನವೂ ನೀರು ಕುಡಿಸಬೇಕು, ಮೇಲೆ ಒದ್ದೆ ಗೋಣಿ ಹೊದಿಸಬೇಕು ಎಂದು ಗಾರೆಯವನು ಹೇಳಿದ. ಹಾಗೇ ಮಾಡಿದಳು.

ಒಂದು ಭಾನುವಾರ ಇಂದ್ರಾಣಿ ಕಾಲನಿಗೆ ಬಂದಳು. ಅವಳ ರಜೆಯ ದಿನ ಅದು. ಹೆಂಗಸರನ್ನು ಬೇವಿನ ಕೆಳಗೆ ಕೂರಿಸಿ ಹೇಳಿಕೊಟ್ಟಳು. ಬಿಸಿಲಲ್ಲಿ ಮೈ ಒಣಗಿದರೆ, ಮಾತು ತಪ್ಪಿದರೆ, ತೂಗಾಡಿದರೆ, ಕಾಯಬಾರದು. ನೆರಳಿಗೆ ಎಳೆಯಿರಿ. ನೀರು ಹೊಯ್ಯಿರಿ, ಬೀಸಿರಿ, ಮತ್ತೆ ಹೊಯ್ಯಿರಿ. ಅದಾದ ಮೇಲೆ ಆಸ್ಪತ್ರೆ.

ಎಲ್ಲರೂ ಎದ್ದುಹೋದ ಮೇಲೂ ಮುನಿಯಮ್ಮಾಳ್ ಕೂತಿದ್ದಳು.

“ಆವತ್ತು ಒಂದು ಮಾತು ಅರ್ಧಕ್ಕೆ ಬಿಟ್ಟಿರಿ,” ಎಂದಳು ತಮಿಳಿನಲ್ಲಿ. “ಪೂರ್ತಿ ಮಾಡಿ.”

ಇಂದ್ರಾಣಿ ಅವಳ ಪಕ್ಕದಲ್ಲಿ ಕೂತಳು.

“ಬದುಕುತ್ತಿದ್ದಳೇನೋ ಅಮ್ಮಾ,” ಎಂದಳು.

ಮುನಿಯಮ್ಮಾಳ್ ತಲೆಯಾಡಿಸಿದಳು. ಎದ್ದು ಒಳಗೆ ಹೋಗಿ ಅವಳಿಗೆ ಕುಡಿಯಲು ನೀರು ತಂದುಕೊಟ್ಟಳು. ಇಂದ್ರಾಣಿ ಲೋಟ ಬಾಯಿಗಿಟ್ಟು ಕುಡಿದಳು.

ಗುಡಿ ಮುಗಿಯಿತು. ಕಾಮಾಕ್ಷಿಯಮ್ಮಾಳ್ ಹೇಳಿ ಕಟ್ಟೆಯನ್ನು ಅಗಲ ಮಾಡಿಸಿದ್ದರು, ಪೂಜೆಗೆ ಬಂದ ತಮ್ಮ ಮನೆಯ ಹೆಂಗಸರು ಕೂರಲಿ ಎಂದು. ಹೆಂಚಿನ ಕೆಳಗೆ ನಿಜವಾಗಿಯೂ ತಂಪಾಗಿತ್ತು. ಹಿಂದಿನ ಗೋಡೆಗೆ ಒಂದು ಕಲ್ಲು ನಿಲ್ಲಿಸಿ ಅರಿಸಿನ ಬಳಿದಿದ್ದರು. ಕಲ್ಲಿಗೆ ಕೆಂಪು ಸೀರೆ. ಮುಂದೆ ಹಿತ್ತಾಳೆ ಕೊಡ, ತುಂಬ ನೀರು. ಅದೇ ಕೊಡ.

ಮಾರಿಗೆ ಉಚ್ಚಿ ಹೊತ್ತಿನ ಪೂಜೆ ಶ್ರೇಷ್ಠ ಎಂದು ನಡು ಮಧ್ಯಾಹ್ನವೇ ಇಟ್ಟಿದ್ದರು. ಗೌಂಡರ ನೆಂಟರು ಉತ್ತಮಪಾಳಯಂ ಕಡೆಯಿಂದೆಲ್ಲ ಕಾರುಗಳಲ್ಲಿ ಬಂದರು. ಅವರು ಕಟ್ಟೆಯ ಮೇಲೆ, ನೆರಳಲ್ಲಿ ಕೂತರು. ಕಾಲನಿಯವರಿಗೆ ಒಂದು ಹಗ್ಗ ಕಟ್ಟಿತ್ತು. ಹಗ್ಗದ ಹೊರಗೆ, ಬೋಳು ಪಂದಲಿನ ಕೆಳಗೆ ನಿಂತರು. ಬೆಳಗಿನಿಂದ ಕೆಲಸ ಮಾಡಿ ಹಾಗೇ ಬಂದವರು.

ಓಚ್ಚಮ್ಮಾಳ್ ಮುನಿಯಮ್ಮಾಳ ಕಿವಿಯ ಹತ್ತಿರ ಬಂದಳು. “ದೀಪ ಹಚ್ತೀಯಾ ಡಿ?”

“ಹಚ್ಚಿದ್ರೆ?”

“ಹಚ್ಚಿದ್ರೆ ಅವ್ಳು ಸಾಮಿ. ಎಲ್ಲಾ ಮುಗೀತು. ಯಾರ್ನೂ ಏನೂ ಕೇಳಂಗಿಲ್ಲ.”

“ಹಚ್ಚದಿದ್ರೆ?”

“ಹಚ್ಚದಿದ್ರೆ ಬಿಸ್ಲಿಗೆ ಸತ್ತೋಳು.” ಓಚ್ಚಮ್ಮಾಳ್ ಬಾಯಿ ಒರೆಸಿಕೊಂಡಳು. “ನಾನೇ ಡಿ ಮೊದ್ಲು ಕೂಗ್ದೋಳು. ಅಮ್ಮ ಬಂದವ್ಳೆ ಅಂತ.”

“ನಾನೂ ಕೈ ಮುಗ್ದೆ,” ಎಂದಳು ಮುನಿಯಮ್ಮಾಳ್.

ಹೆಸರು ಹಿಡಿದು ಕರೆದರು. ಮುನಿಯಮ್ಮಾಳ್ ಹಗ್ಗ ದಾಟಿ ಕಟ್ಟೆಯ ಅಂಚಿಗೆ ಬಂದಳು. ಮುತ್ತುಕುಮಾರ್ ಹೊಸ ಪಂಚೆ ಉಟ್ಟು ಗೌಂಡರ ಪಕ್ಕದಲ್ಲಿ ನಿಂತಿದ್ದ. ಗೌಂಡರ ಪಕ್ಕದಲ್ಲಿ ಅವನು ನಿಂತದ್ದು ಅದೇ ಮೊದಲು. ಕಾಮಾಕ್ಷಿಯಮ್ಮಾಳ್ ಬೆಂಕಿಪೊಟ್ಟಣ ಕೊಟ್ಟರು. ಈ ಸಲ ಮೇಲಿನಿಂದ ಬಿಡಲಿಲ್ಲ. ಕೈಯಲ್ಲಿ ಕೈಯಿಟ್ಟು ಕೊಟ್ಟರು.

ಮುನಿಯಮ್ಮಾಳ್ ಕಡ್ಡಿ ತೆಗೆದಳು.

ಹಿಂದಿನಿಂದ ಸದ್ದಾಯಿತು. ಹಗ್ಗದ ಹೊರಗೆ ನಿಂತ ತಮಿಳರಸಿ ತೂಗಾಡುತ್ತಿದ್ದಳು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಬಸುರಿ. ಸಾಲಿನಲ್ಲಿ ವಳ್ಳಿಯ ಪಕ್ಕದಲ್ಲೇ ಬಳ್ಳಿ ಕಟ್ಟುತ್ತಿದ್ದವಳು. ಕಣ್ಣು ಎಲ್ಲೋ ನೋಡುತ್ತಿತ್ತು. ಏನೇನೋ ಹೇಳುತ್ತಿದ್ದಳು. ಸೀರೆಯ ಸೆರಗು ಕಿತ್ತೆಸೆದಳು.

“ವಳ್ಳಿಯಮ್ಮ! ವಳ್ಳಿಯಮ್ಮ ಬಂದವ್ಳೆ!” ಕಟ್ಟೆಯ ಮೇಲಿನ ಯಾರೋ ಕೂಗಿದರು. ನೆಂಟರೆಲ್ಲ ಎದ್ದರು. ಕೈ ಮುಗಿದರು. ಹೆಂಗಸರು ಬಾಯಿಗೆ ಕೈಯಿಟ್ಟು ಕುಲವೆಯ ಕೂಗು ಹಾಕಿದರು. ತಮಿಳರಸಿಯ ಸುತ್ತಲಿನವರು ಹಿಂದೆ ಸರಿದರು. ಜಾಗ ಬಿಟ್ಟರು. ಅವಳು ಬಿಸಿಲಿನ ನಡುವೆ ಒಬ್ಬಳೇ ಉಳಿದಳು.

ಮುನಿಯಮ್ಮಾಳ ಕೈಗಳೂ ಒಂದಕ್ಕೊಂದು ಹತ್ತಿರ ಬಂದಿದ್ದವು. ನಡುವೆ ಬೆಂಕಿಪೊಟ್ಟಣವಿತ್ತು.

ಅವಳು ಅದನ್ನು ಕೆಳಗೆ ಹಾಕಿದಳು. ಹಗ್ಗದ ಕಡೆಗೆ ನಡೆದಳು. ಓಡಲಿಲ್ಲ. ತಮಿಳರಸಿಯ ತೋಳು ಹಿಡಿದಳು. ಒಣಗಿತ್ತು, ಸುಡುತ್ತಿತ್ತು. ಸೊಂಟಕ್ಕೆ ಕೈಹಾಕಿ, ಮೂಟೆ ಎಳೆಯುವ ಹಾಗೆ ಎಳೆದುಕೊಂಡು ಬಂದಳು. ಹಗ್ಗ ಕಾಲಿಗೆ ಸಿಕ್ಕಿತು. ತುಳಿದಳು.

“ಮುಟ್ಬ್ಯಾಡ! ಅಮ್ಮ ಅವ್ಳೆ!” ಎಂದರು ಗೌಂಡರು.

ಮುನಿಯಮ್ಮಾಳ್ ಹುಡುಗಿಯನ್ನು ಕಟ್ಟೆಯ ಮೇಲೆ, ನೆರಳಲ್ಲಿ, ನೆಂಟರ ನಡುವೆ ಮಲಗಿಸಿದಳು. ಅವರು ಸರಿದು ನಿಂತರು. ಹಿತ್ತಾಳೆ ಕೊಡ ಎತ್ತಿದಳು. ತಲೆಯ ಮೇಲೆ, ಕತ್ತಿನ ಮೇಲೆ, ಎದೆಯ ಮೇಲೆ ಹೊಯ್ದಳು. ಕೊಡ ಖಾಲಿಯಾಗುವವರೆಗೆ ಹೊಯ್ದಳು. ಹರಿದ ನೀರು ಕಲ್ಲಿನ ಪಾದ ಮುಟ್ಟಿತು.

“ತೀಟ್ಟಾಯ್ತು! ಗುಡಿ ಮೈಲಿಗೆ ಆಯ್ತು!” ಯಾರೋ ಹೆಂಗಸು ಕಿರುಚಿದಳು.

“ಅಮ್ಮ ಅಲ್ಲ,” ಎಂದಳು ಮುನಿಯಮ್ಮಾಳ್. ಅವಳ ದನಿ ಏರಲಿಲ್ಲ. “ಬಿಸ್ಲು. ವಳ್ಳಿಗೂ ಅಮ್ಮ ಬಂದಿರ್ಲಿಲ್ಲ. ಬಿಸ್ಲು ಬಂದಿತ್ತು. ನೆಳ್ಳು ಕೇಳ್ತು ಮಗು. ಕೂಲಿಯೋಳಾಗಿ ಕೇಳ್ದಾಗ ನಕ್ಬುಟ್ರಿ. ಸಾಯೋವಾಗ ಕೇಳ್ತು, ಕೈ ಮುಗಿದ್ರಿ. ಕೊಡ ತುಂಬಾ ನೀರಿತ್ತು. ಒಬ್ರೂ ಹೊಯ್ಲಿಲ್ಲ.”

“ಮುನಿಯಮ್ಮಾ, ದೀಪ ಹಚ್ಚು. ಆಮೇಲ್ ಮಾತಾಡಣ,” ಎಂದರು ಗೌಂಡರು.

“ಹಚ್ಚಾಕಿಲ್ಲ.”

“ನಿನ್ ಸೊಸೆಗೆ ಡಿ ಈ ಗೌರವ!”

“ನನ್ ಸೊಸೆ ನೆಳ್ಳು ಕೇಳಿದ್ದು. ಗೌರವ ಕೇಳ್ಲಿಲ್ಲ.” ಖಾಲಿ ಕೊಡವನ್ನು ಮಗನ ಕಡೆಗೆ ಚಾಚಿದಳು. “ನೀರ್ ತಾ ಡಾ.”

ಮುತ್ತುಕುಮಾರ್ ಕದಲಲಿಲ್ಲ. ಅವನು ಕೆಂಪು ಸೀರೆ ಉಟ್ಟ ಕಲ್ಲನ್ನು ನೋಡಿದ. ಕಲ್ಲಿನ ಮುಂದೆ ಮಲಗಿದ ಹುಡುಗಿಯನ್ನು ನೋಡಿದ. ಅವನ ಮುಖ ಮಗುವಿನ ಮುಖದಂತಾಯಿತು. ಆಮೇಲೆ ಕೊಡ ಕಸಿದುಕೊಂಡು, ಹೊಸ ಪಂಚೆ ಎತ್ತಿಕಟ್ಟಿ, ಪಂಪಿನ ಮನೆಯ ಕಡೆ ಓಡಿದ.

ಕಾಮಾಕ್ಷಿಯಮ್ಮಾಳ್ ನಿಂತಲ್ಲಿಂದ ಕೆಳಗೆ ಕೂತರು. ಮೊಣಕಾಲು ನೋವಿನವರು, ಕಷ್ಟಪಟ್ಟು ಕೂತರು. ಕೈಯಲ್ಲಿದ್ದ ತಾಳೆಗರಿಯ ಬೀಸಣಿಗೆಯಿಂದ ತಮಿಳರಸಿಗೆ ಬೀಸತೊಡಗಿದರು. ಮಗನ ಮುಖ ನೋಡಲಿಲ್ಲ. ಒಂದು ಕೈ ಸೋತಾಗ ಇನ್ನೊಂದು ಕೈಗೆ ಬದಲಿಸಿಕೊಂಡು ಬೀಸಿದರು.

ಮುತ್ತುಕುಮಾರ್ ತಂದ ನೀರನ್ನೂ ಹೊಯ್ದರು. ತಮಿಳರಸಿ ಕೆಮ್ಮಿ, ಕಣ್ಣು ಬಿಟ್ಟು, “ಅಕ್ಕಾ, ಯಾಕೆ ಒದ್ದೆ ಆಗವ್ನಿ?” ಎಂದಳು. ದುರೈ ಆಟೋದಲ್ಲಿ ಒದ್ದೆ ಬಟ್ಟೆಯಲ್ಲೇ ಕರೆದುಕೊಂಡು ಹೋದ. ಅವಳೂ ಉಳಿದಳು, ಹೊಟ್ಟೆಯಲ್ಲಿದ್ದದ್ದೂ ಉಳಿಯಿತು ಎಂದು ಇಂದ್ರಾಣಿ ಸಂಜೆ ಹೇಳಿ ಕಳಿಸಿದಳು.

ದೀಪ ಹಚ್ಚಿದವರು ಯಾರೂ ಇಲ್ಲ. ನೆಂಟರು ಊಟ ಮಾಡದೆ ಕಾರು ಹತ್ತಿದರು.

ಮರುದಿನ ಕೆಲಸಕ್ಕೆ ಬರಬೇಡಿ ಎಂದು ಯಾರೂ ಹೇಳಲಿಲ್ಲ. ಕವಾತ್ತಿನ ಬಳ್ಳಿ ಕಾಯುವುದಿಲ್ಲ, ಬೇರೆ ಆಳು ಸಿಗುವುದಿಲ್ಲ. ಹೆಂಗಸರು ಬೇಲಿಯ ಹತ್ತಿರ ಚಪ್ಪಲಿ ಬಿಟ್ಟರು. ಹಸು ಬರುವವರೆಗೆ ಕಾದರು. ಸಾಲು ಹಿಡಿದರು.

ಸೂರ್ಯ ನೆತ್ತಿಗೆ ಬಂದಾಗ ಮುನಿಯಮ್ಮಾಳ್ ಕೈಯಲ್ಲಿದ್ದ ಗಂಟನ್ನು ಬಿಗಿಮಾಡಿದಳು. ದಾರದ ಉಂಡೆಯನ್ನು ಕಂಬದ ಬುಡದಲ್ಲಿಟ್ಟಳು. ಸಾಲು ಮುಗಿದಿರಲಿಲ್ಲ. ಗುಡಿಯ ಕಡೆ ನಡೆದು, ಕಟ್ಟೆ ಹತ್ತಿ, ಕಂಬಕ್ಕೆ ಒರಗಿ ಕೂತಳು. ಓಚ್ಚಮ್ಮಾಳ್ ಬಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಕಟ್ಟೆ ಅಗಲವಾಗಿತ್ತು, ಎಲ್ಲರಿಗೂ ಸಾಕಾಯಿತು. ಕೊಡ ಕೈಯಿಂದ ಕೈಗೆ ಹೋಯಿತು. ಯಾರೋ ಗುಡಿಯ ಹಿಂದೆ ಹಳೆಯ ಸೀರೆಯನ್ನು ಮರೆಯಾಗಿ ಕಟ್ಟಿದ್ದರು. ಅದಕ್ಕೇ ಹೊಟ್ಟೆ ತುಂಬ ನೀರು ಕುಡಿದರು.

ತಂಗವೇಲ್ ಗೌಂಡರು ದೂರದಿಂದಲೇ ಕೂಗುತ್ತಾ ಬಂದರು. ಗುಡಿಯ ಮುಂದೆ ಬಂದಾಗ ಅವರ ಕಾಲು ತಾನಾಗಿಯೇ ಚಪ್ಪಲಿ ಬಿಟ್ಟಿತು. ಹುಟ್ಟಿದಾಗಿನಿಂದ ಬಂದ ರೂಢಿ. ಬರಿಗಾಲಲ್ಲಿ ನಿಂತರು, ಬಿಸಿಲಲ್ಲಿ.

“ಏಳಿ. ಇದೇನ್ ಕೂತ್ಕೊಳ್ಳೋ ಜಾಗವಾ? ಗುಡಿ ಇದು.”

“ಗುಡಿನೇ ಸಾಮಿ,” ಎಂದಳು ಮುನಿಯಮ್ಮಾಳ್. “ವಳ್ಳಿ ಮನೆ. ಇಟ್ಗೆ ನಾನೇ ಹೊತ್ತಿವ್ನಿ.”

“ಕೆಲ್ಸ ಯಾರ್ ಮಾಡ್ತಾರೆ?”

“ಮೂರ್ ಗಂಟೆಗೆ ಏಳ್ತೀವಿ. ಅಲ್ಲೀಗಂಟ ಏಳಾಕಿಲ್ಲ.”

“ಕೆಡವಿಸ್ಬುಡ್ತೀನಿ!”

“ಕೆಡವಿ,” ಎಂದಳು ಓಚ್ಚಮ್ಮಾಳ್ ಹಲ್ಲಿಲ್ಲದ ಬಾಯಲ್ಲಿ. “ಇದ್ರ ಮುಂದೆ ಉದ್ದಕ್ಕೆ ಬಿದ್ದೋರು ನೀವೇ ಅಲ್ವ್ರಾ?”

ಗೌಂಡರು ಬಾಯಿ ತೆರೆದರು. ಇಲ್ಲಿ ಅಮ್ಮ ಇಲ್ಲ ಎನ್ನಬೇಕು. ಇಲ್ಲ ಎಂದರೆ ವಳ್ಳಿ ಯಾತರಿಂದ ಸತ್ತಳು ಎಂದು ಹೇಳಬೇಕು. ಬಾಯಿ ಮುಚ್ಚಿದರು.

ಮಣ್ಣು ಕಾದಿತ್ತು. ಗೌಂಡರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಮತ್ತೆ ಬದಲಿಸಿದರು. ಚಪ್ಪಲಿ ಹಿಂದೆಯೇ ಇತ್ತು. ಇಷ್ಟು ಹೆಂಗಸರು ನೋಡುತ್ತಿರುವಾಗ ತಿರುಗಿ ಅದನ್ನು ಮೆಟ್ಟುವುದು ಅವರಿಗೆ ಆಗಲಿಲ್ಲ. ಕಟ್ಟೆ ಹತ್ತುವುದೂ ಆಗಲಿಲ್ಲ.

“ಸುಡ್ತದಾ?” ಎಂದಳು ಮುನಿಯಮ್ಮಾಳ್. ಹಂಗಿಸಲು ಕೇಳಲಿಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು.



ಅವಳು ಪಕ್ಕಕ್ಕೆ ಸರಿದು ಒಬ್ಬರು ಕೂರುವಷ್ಟು ಜಾಗ ಬಿಟ್ಟಳು. “ಬನ್ನಿ. ನೆಳ್ಳದೆ.”

ಗೌಂಡರು ಬರಲಿಲ್ಲ. ಕಾಲು ಬದಲಿಸುತ್ತಾ ನಿಂತೇ ಇದ್ದರು.

ಮುನಿಯಮ್ಮಾಳ್ ಕಾಲು ಚಾಚಿದಳು. ಕೊಡದಲ್ಲಿ ಉಳಿದಿದ್ದ ನೀರನ್ನು ಪಾದದ ಮೇಲೆ ಹೊಯ್ದುಕೊಂಡಳು. ತಂಪು ತಾಗಿದ್ದೇ ಅಂಗಾಲು ಎರಡೂ ಧಗ್ಗೆಂದು ಉರಿಯತೊಡಗಿದವು. ಇಷ್ಟು ದಿನ ಸುಟ್ಟದ್ದೆಲ್ಲ ಒಟ್ಟಿಗೇ ಗೊತ್ತಾಯಿತು. ಅವಳು ಪಾದಗಳನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಗೌಂಡರ ಎದುರಿಗೇ, ಗಟ್ಟಿಯಾಗಿ ಅತ್ತಳು.